ಕೇಳುವವನ ಕಾಯಕ

ಒಬ್ಬ ರೈತ ಮುಂಜಾನೆಯಿಂದ ರಾತ್ರಿಯವರೆಗೆ ಬಯಲು ಮಂಟಪದಲ್ಲಿ ಕುಳಿತು, ಒಬ್ಬರ ಹಿಂದೊಬ್ಬರು ಹಾಡುವುದನ್ನು ಕೇಳಿದನೆನ್ನಿ. ಆ ದಿನ ಅವನು ದುಡಿದಂತಾಯಿತೋ, ದಿನವನ್ನು ಕಳೆದಂತಾಯಿತೋ? ಪ್ರಶ್ನೆ ಚಿಕ್ಕದಾಗಿ ಕಂಡರೂ ವಿಚಾರಿಸತಕ್ಕದ್ದು. ದುಡಿಮೆಯನ್ನೇ ಪೂಜೆಯೆಂದು ಬಗೆದ ನಮಗಂತೂ ಇದಕ್ಕೆ ಉತ್ತರ ಬೇಕೇ ಬೇಕು.

ಜತ್ತ ತಾಲೂಕಿನವರಿಗೆ ಹಾಡು ಹೊಸದಲ್ಲ. ಛಟ್ಟಿ ಅಮವಾಸ್ಯೆಯ ಜಾತ್ರೆಗೆ ವಿಜಯಪುರ, ಬಾಗಲಕೋಟೆ ಕಡೆಯ ಜನ ಗುಡ್ಡಾಪುರದ ದಾನಮ್ಮನ ಸನ್ನಿಧಿಗೆ ನಡೆದು ಬರುವಾಗ ದಾರಿಯುದ್ದಕ್ಕೂ ಭಜನೆ ಇರುತ್ತದೆ. ಆದರೆ ಭಜನೆಯಲ್ಲಿ ಕೇಳುವವನೂ ದನಿಗೂಡಿಸುತ್ತಾನೆ, ತಾಳ ಹಾಕುತ್ತಾನೆ. ಸಂಗೀತೋತ್ಸವದ ಬಗೆ ಬೇರೆ. ಅಲ್ಲಿ ಹಾಡುವವರು ಒಬ್ಬರು, ಸುಮ್ಮನೆ ಕೂಡುವವರು ನೂರಾರು, ಸಾವಿರಾರು. ಸಂಶಯ ಹುಟ್ಟುವುದು ಆ ಸುಮ್ಮನೆ ಕೂಡುವುದರ ಬಗ್ಗೆಯೇ.

ಇಂಥ ಉತ್ಸವಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಸಾಂಗ್ಲಿ ಜಿಲ್ಲೆಯ ಮಿರಜಿನಲ್ಲಿ ಮೀರಾಸಾಹೇಬರ ದರ್ಗಾದ ಉರುಸಿನಲ್ಲಿ ಪ್ರತಿ ವರ್ಷ ಸಂಗೀತ ಸಭೆ ನಡೆಯುತ್ತದೆ. ಉತ್ತರದ ಕೈರಾಣಾದಲ್ಲಿ ಹುಟ್ಟಿ ಮಿರಜನ್ನೇ ಮನೆ ಮಾಡಿಕೊಂಡು 1937ರಲ್ಲಿ ತೀರಿಕೊಂಡ ಉಸ್ತಾದ ಅಬ್ದುಲ್ ಕರೀಮ್ ಖಾನರ ನೆನಪು ಈ ಸಭೆಗೆ ಅಂಟಿಕೊಂಡಿದೆ. ಇಲ್ಲಿ ಹಾಡುವುದನ್ನು ಕಲಾವಿದರು ಸೇವೆಯೆಂದೇ ತಿಳಿಯುತ್ತಾರೆ. ಖಾನಸಾಹೇಬರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಅವರು 1952ರಲ್ಲಿ ತೀರಿಕೊಂಡ ಮರುವರ್ಷ, ಅವರ ಶಿಷ್ಯರಾದ ಗದಗಿನ ಭೀಮಸೇನ ಜೋಶಿಯವರು ಗುರುವಿನ ನೆನಪಿಗೆ ಪುಣೆಯಲ್ಲಿ ಉತ್ಸವ ಆರಂಭಿಸಿದರು. ಕನ್ನಡ ನಾಡಿನ ಗುರುವಿಗಾಗಿ ಕನ್ನಡ ನಾಡಿನ ಶಿಷ್ಯ ಕಟ್ಟಿದ ಆ ಉತ್ಸವವನ್ನು ಸಾಕಿ ಸಲಹಿದವರು ಮರಾಠಿ ಕೇಳುಗರು. ಗಡಿಯಲ್ಲಿ ಬಾಳುವ ನಾವು ಇದನ್ನು ನೆನಪಿನಲ್ಲಿಡಬೇಕು.

ಈಗ ಪ್ರಶ್ನೆಗೆ ಬರೋಣ. ಕೇಳುವುದು ಸೋಮಾರಿತನ ಎನ್ನುವವರು ಒಮ್ಮೆ ಇಡೀ ದಿನ ಕುಳಿತು ನೋಡಬೇಕು. ಹಾಡುವವರು ಮೊದಲು ತಂಬೂರಿ ಶ್ರುತಿ ಮಾಡಿಕೊಳ್ಳುತ್ತಾರೆ. ಆಮೇಲೆ ವಿಳಂಬಿತ ಲಯದಲ್ಲಿ ಒಂದೊಂದೇ ಸ್ವರವನ್ನು ಬಿಡಿಸುತ್ತ ಹೋಗುತ್ತಾರೆ. ಅವಸರದವನಿಗೆ ಅಲ್ಲಿ ಏನೂ ನಡೆಯುತ್ತಿಲ್ಲವೆಂದೇ ತೋರುತ್ತದೆ. ಬಿತ್ತಿದ ಮರುದಿನ ಹೊಲಕ್ಕೆ ಹೋಗಿ ಏನೂ ಕಾಣಲಿಲ್ಲ ಎಂದವನ ಮಾತೂ ಇಷ್ಟೇ. ತಾಳ್ಮೆಯಿದ್ದವನಿಗೆ ಮಧ್ಯಾಹ್ನಕ್ಕೆ ಭೀಮಪಲಾಸ, ಇಳಿಹೊತ್ತಿಗೆ ಮುಲ್ತಾನಿ, ದೀಪ ಹಚ್ಚುವ ಹೊತ್ತಿಗೆ ಪೂರಿಯಾ, ರಾತ್ರಿ ಬಾಗೇಶ್ರೀ ಹೀಗೆ ಹೊತ್ತಿನ ಸಂಗಡ ರಾಗವೂ ಹೊರಳುವುದು ತಿಳಿಯುತ್ತದೆ. ಹಿಂದೆ ಪುಣೆಯ ಉತ್ಸವ ಇರುಳಿಡೀ ನಡೆಯುತ್ತಿತ್ತು. 2000ದಲ್ಲಿ ಬಂದ ಶಬ್ದಮಾಲಿನ್ಯದ ನಿಯಮಗಳು ಬಿಗಿಯಾದ ಮೇಲೆ ಅದು ಹಗಲಿಗೂ ಸಂಜೆಗೂ ಸರಿಯಿತು. ಇರುಳಿನ ಸಭೆಯಲ್ಲಿ ಅಪರೂಪವಾಗಿದ್ದ ಮಧ್ಯಾಹ್ನದ ರಾಗಗಳಿಗೆ ಇದರಿಂದ ಜಾಗ ಸಿಕ್ಕಿತು. ಇಷ್ಟು ಹೊತ್ತು ಮನಸ್ಸನ್ನು ಒಂದೇ ಕಡೆ ನಿಲ್ಲಿಸುವುದು ದುಡಿಮೆಯಲ್ಲವೆಂದು ಯಾರು ಹೇಳಬಲ್ಲರು?

ಇಲ್ಲಿಗೆ ವಿಚಾರ ಮುಗಿಯಲಿಲ್ಲ. ಇನ್ನೂ ಕಠಿಣವಾದ ಮಾತೊಂದಿದೆ. ಉತ್ಸವದಲ್ಲಿ ಎಳೆಯರು ಮೊದಲು ಹಾಡುತ್ತಾರೆ, ಹಿರಿಯರು ಕೊನೆಗೆ. ಪುಣೆಯಲ್ಲಿ ಅನೇಕ ವರ್ಷ ಕೊನೆಯ ಗಾಯನ ಭೀಮಸೇನರದೇ ಆಗಿರುತ್ತಿತ್ತು. ಹೀಗಿರುವಲ್ಲಿ ಬಹಳ ಮಂದಿ ಮಾಡುವುದೇನು? ಹೆಸರಿಲ್ಲದ ಹುಡುಗಿ ಹಾಡುವಾಗ ಚಹಾ ಕುಡಿಯಲು ಏಳುತ್ತಾರೆ, ಪಕ್ಕದವರೊಡನೆ ಜೋಳದ ದರ ಮಾತಾಡುತ್ತಾರೆ. ಹೆಸರಾಂತರು ವೇದಿಕೆಗೆ ಬಂದೊಡನೆ ಓಡಿ ಬಂದು ಕೂಡುತ್ತಾರೆ. ಆ ಹುಡುಗಿ ಹತ್ತು ವರ್ಷ ಮಾಡಿದ ಸಾಧನೆಗೆ ನಮ್ಮಲ್ಲಿ ಅರ್ಧ ತಾಸಿನ ಕಿವಿಯೂ ಇಲ್ಲವೆಂದರೆ ಅದು ನ್ಯಾಯವೇ?

ಅಡತಿ ಅಂಗಡಿಯವರಿಗೆ ಒಂದು ಮಾತು ಕೇಳುತ್ತೇನೆ. ಚೀಲದ ಮೇಲಿನ ಹೆಸರು ಓದಿ ಮಾಲು ಕೊಳ್ಳುತ್ತೀರಾ? ಒಂದು ಹಿಡಿ ತೆಗೆದು, ಅಂಗೈ ಮೇಲೆ ಹರವಿ, ಕಾಳು ನೋಡಿ ದರ ಹೇಳುತ್ತೀರಿ. ಆದರೆ ಹಾಡಿನ ಮುಂದೆ ಕುಳಿತಾಗ ಮಾತ್ರ ಹೆಸರು ನೋಡಿಯೇ ಬೆಲೆ ಕಟ್ಟುತ್ತೇವೆ.

ಹೆಸರು ನೋಡದೆ ಕೇಳಿದವರಿಂದ ಏನಾಯಿತೆಂಬುದಕ್ಕೆ ನಮ್ಮಲ್ಲೇ ನಿದರ್ಶನಗಳಿವೆ. ಹಾನಗಲ್ಲ ಕುಮಾರಸ್ವಾಮಿಗಳು ಗದಿಗೆಯ್ಯನೆಂಬ ಕುರುಡು ಹುಡುಗನ ಹಾಡು ಕೇಳಿ ಅವನನ್ನು ಕೈಹಿಡಿದರು. ಆ ಹುಡುಗನೇ ಮುಂದೆ ಪಂಚಾಕ್ಷರಿ ಗವಾಯಿಗಳೆನಿಸಿ, ನೂರಾರು ಅಂಧ ಮಕ್ಕಳಿಗೆ ವಿದ್ಯೆಯ ಆಸರೆಯಾದ ಗದಗಿನ ಆಶ್ರಮಕ್ಕೆ ಮೂಲಪುರುಷರಾದರು. ನಾಟಕ ಕಂಪನಿಯಲ್ಲಿ ಹಾಡುತ್ತಿದ್ದ ಒಬ್ಬ ಬಾಲಕನನ್ನು ಮಿರಜಿನ ನೀಲಕಂಠಬುವಾ ಅವರು ಕಿವಿಗೊಟ್ಟು ಕೇಳಿ ಶಿಷ್ಯನನ್ನಾಗಿ ಮಾಡಿಕೊಂಡರು. ಅವರೇ ಮಲ್ಲಿಕಾರ್ಜುನ ಮನಸೂರರು. ಆ ಹೊತ್ತಿಗೆ ಈ ಹಿರಿಯರಿಬ್ಬರೂ ಎದ್ದು ಹೋಗಿದ್ದರೆ ನಮಗೆ ಎಷ್ಟು ನಷ್ಟವಾಗುತ್ತಿತ್ತು!

'ಎಳಸು ಹಾಡಿಗೂ ಮಾಗಿದ ಹಾಡಿಗೂ ಒಂದೇ ಬೆಲೆಯೇ?' ಎಂದು ಯಾರಾದರೂ ಕೇಳಬಹುದು. ಅಲ್ಲ. ಬೆಲೆ ಒಂದೇ ಆಗಬೇಕಿಲ್ಲ. ಕೇಳಿದ ಮೇಲೆ ಇದು ಹೆಚ್ಚು, ಅದು ಕಡಿಮೆ ಎನ್ನುವ ಹಕ್ಕು ಕೇಳುಗನದೇ. ಕೇಳುವ ಮೊದಲೇ ಎನ್ನುವ ಹಕ್ಕು ಮಾತ್ರ ಅವನಿಗಿಲ್ಲ. ಸಸಿಗೂ ಮರಕ್ಕೂ ಫಲ ಸಮನಲ್ಲವೆಂದು ಸಸಿಗೆ ನೀರು ಬಿಡುವುದನ್ನು ಯಾವ ರೈತನೂ ನಿಲ್ಲಿಸುವುದಿಲ್ಲ.

ಇನ್ನೊಂದು ಲೆಕ್ಕವೂ ಉಳಿದಿದೆ. ನಾವು ದಿನವಿಡೀ ಕೂಡಬೇಕಾದರೆ ಮನೆಯಲ್ಲಿ ಎಮ್ಮೆ ಹಿಂಡುವವರು ಯಾರು, ಅಂಗಡಿ ಕಾಯುವವರು ಯಾರು? ನಮ್ಮ ಬಿಡುವಿನ ಭಾರ ಬೀಳುವುದು ಹೆಚ್ಚಾಗಿ ಹೆಂಡತಿಯ ಮೇಲೆ, ಇಲ್ಲವೆ ಆಳುಮಗನ ಮೇಲೆ. ಅವರಿಗೂ ಅಂಥದೊಂದು ದಿನ ಸಿಗದಿದ್ದರೆ ನಮ್ಮ ರಸಿಕತನ ಎರವಲಿನದು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಬಂದು ಹಾಡು ಕಲಿಯುತ್ತಿದ್ದಾಗ ಬೀದಿಯ ಜನ ಹಂಗಿಸುತ್ತಿದ್ದರು. ಹೆಣ್ಣುಮಕ್ಕಳಿಗೆ ಹಾಡುವುದೇ ಅಷ್ಟು ಕಷ್ಟವಾಗಿತ್ತು. ಅವರು ನೆಮ್ಮದಿಯಿಂದ ಕುಳಿತು ಕೇಳುವುದು ಇಂದಿಗೂ ಎಷ್ಟು ಮನೆಗಳಲ್ಲಿ ಸಾಧ್ಯವಾಗಿದೆ?

ವೇದಿಕೆಯ ಮೇಲಿನ ತಂಬೂರಿಯನ್ನು ಮಾಡುವವರು ಮಿರಜಿನ ಕುಶಲಿಗಳು. ಅವರ ಸಿತಾರ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆ ತಂಬೂರಿಯ ಬುರುಡೆಗಳು ಬೆಳೆಯುವುದು ಪಂಢರಪುರದ ಕಡೆಯ ಹೊಲಗಳಲ್ಲಿ. ರೈತ ಬೆಳೆದ, ಕುಶಲಿ ಕಟ್ಟಿದ, ಗಾಯಕ ಹಾಡಿದ. ಈ ಸಾಲಿನಲ್ಲಿ ಕಡೆಯವನು ಕೇಳುಗ. ಮೂವರೂ ತಮ್ಮ ಪಾಲಿನ ಕೆಲಸ ಮುಗಿಸಿ ಬಂದಿರುವಾಗ ನಾಲ್ಕನೆಯವನು ತನ್ನ ಪಾಲನ್ನು ಬಿಟ್ಟು ಚಹಾ ಅಂಗಡಿಯಲ್ಲಿ ನಿಂತರೆ ಆ ಹಾಡು ಪೂರ್ಣವಾಗುವುದೆಂತು?

ಆದುದರಿಂದ ಬಂಧುಗಳೇ, ಮಿರಜಿಗೋ ಪುಣೆಗೋ ಕುಂದಗೋಳಕ್ಕೋ ಹೋಗುವುದಾದರೆ ಮನೆಯವರನ್ನೂ ಕರೆದುಕೊಂಡು ಹೋಗಿರಿ. ಕೊನೆಯ ಹಾಡಿಗೆ ಹೋಗಬೇಡಿರಿ, ಮೊದಲನೆಯ ಹಾಡಿಗೇ ಹೋಗಿರಿ.