ದಿಡ್ಡಿ ಬಾಗಿಲ ಕೀಲಿ ಯಾರ ಕೈಯಲ್ಲಿತ್ತು?

‘ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ.’ ಕಾರ್ಖಾನೆಯಲ್ಲೋ ಕ್ವಾರಿಯಲ್ಲೋ ಜನ ಸತ್ತು, ಮರುದಿನ ತನಿಖೆ, ಪರಿಹಾರ, ಅಮಾನತು ಎಂಬ ಸುದ್ದಿ ಬಂದಾಗಲೆಲ್ಲ ಈ ಗಾದೆ ನೆನಪಾಗುತ್ತದೆ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟಕ ಸಿಡಿದು ಜೀವಗಳು ಹೋದವು. ಆಮೇಲೆ ಕ್ವಾರಿಗಳ ಮೇಲೆ ದಾಳಿಯೋ ದಾಳಿ. ಸುಮಾರು ಒಂದು ತಿಂಗಳಲ್ಲೇ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಮತ್ತೆ ಆರು ಮಂದಿ ಸತ್ತರು.

ಈ ಗಾದೆ ಸಮಯಪ್ರಜ್ಞೆಯ ಪಾಠ ಹೇಳುತ್ತದೆ ಎನ್ನುವವರಿದ್ದಾರೆ. ಅಷ್ಟೇ ಆಗಿದ್ದರೆ ಇದಕ್ಕೆ ಕೋಟೆಯೇ ಬೇಕಿರಲಿಲ್ಲ. ಕಾವಲುಗಾರ ನಿದ್ದೆಹೋದ ಕಥೆ ಇದು ಎನ್ನುವ ಇನ್ನೊಂದು ಅರ್ಥವನ್ನಂತೂ ನಾನು ಒಪ್ಪಲಾರೆ. ಗಾದೆಯಲ್ಲಿ ಕಾವಲುಗಾರನ ಸುಳಿವೇ ಇಲ್ಲ. ಹಗಲು ರಾತ್ರಿ ತೆರೆದೇ ಇದ್ದ ಬಾಗಿಲು ಕಿಲ್ಲೇದಾರನ ಕಣ್ಣಿಗೆ ಬೀಳದೆ ಇದ್ದೀತೆ? ಹಾಕಿಸುವ ಅಧಿಕಾರ ಅವನಿಗೆ ಮೊದಲೂ ಇತ್ತು, ಕೊಳ್ಳೆಯಾದ ಮೇಲೂ ಇತ್ತು. ಈ ಗಾದೆ ದೂರುವುದು ಅವನನ್ನೇ.

ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ನುಸುಳಿ ಬಂದ ಶತ್ರುಗಳನ್ನು ಒನಕೆಯಿಂದ ಹೊಡೆದ ಓಬವ್ವನ ಕಥೆಯನ್ನೂ ಹೀಗೆಯೇ ಓದಬೇಕು. ಅವಳ ಒನಕೆಯನ್ನು ನಾವು ಹಾಡಿ ಹೊಗಳುತ್ತೇವೆ, ಹೊಗಳಲೇಬೇಕು. ಆದರೆ ಊಟಕ್ಕೆ ಹೋದ ಕಾವಲುಗಾರನ ಜಾಗಕ್ಕೆ ಬದಲಿ ಆಳು ಏಕಿರಲಿಲ್ಲ ಎಂದು ಯಾರೂ ಕೇಳಿದ್ದಿಲ್ಲ. ಹಸಿದವನು ಉಣ್ಣಲು ಹೋಗುವುದು ತಪ್ಪಲ್ಲ. ಕಿಂಡಿಗೆ ಒಬ್ಬನನ್ನೇ ನಿಲ್ಲಿಸಿದ್ದು ತಪ್ಪು.

ಭೋಪಾಲದಲ್ಲಿ ನಡೆದದ್ದೂ ಇದೇ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮಿಥೈಲ್ ಐಸೋಸಯನೇಟ್ ಸೋರಿ ಸಾವಿರಾರು ಜನ ಸತ್ತರು. ಆ ರಾಸಾಯನಿಕವನ್ನು ತಣ್ಣಗಿಡಬೇಕಿದ್ದ ಶೀತಲೀಕರಣ ಘಟಕವನ್ನು ಜೂನ್‌ನಲ್ಲೇ ನಿಲ್ಲಿಸಿದ್ದರು. ಸೋರಿದ ಅನಿಲವನ್ನು ಸುಡುವ ಗೋಪುರದ ಕೊಳವೆಯನ್ನು ದುರಸ್ತಿಗೆಂದು ಬಿಚ್ಚಿಟ್ಟಿದ್ದರು. ನೀರಿನ ಚಿಲುಮೆ ಅನಿಲ ಹೊರಬರುತ್ತಿದ್ದ ಎತ್ತರವನ್ನು ಮುಟ್ಟುತ್ತಲೇ ಇರಲಿಲ್ಲ. ಖರ್ಚು ಉಳಿಸಲು ರಾತ್ರಿ ಪಾಳಿಯ ನಿರ್ವಹಣಾ ಮೇಲ್ವಿಚಾರಕನ ಹುದ್ದೆಯನ್ನೂ ತೆಗೆದಿದ್ದರು. 1982ರಲ್ಲಿ ಮೂಲ ಕಂಪನಿಯ ಎಂಜಿನಿಯರುಗಳೇ ಬಂದು ಲೋಪಗಳನ್ನು ಬರೆದುಕೊಟ್ಟಿದ್ದರು. ಅದೇ ವರ್ಷ ಪತ್ರಕರ್ತ ರಾಜ್‌ಕುಮಾರ್ ಕೇಸ್ವಾನಿ ಅಪಾಯ ಕಾದಿದೆ ಎಂದು ಸ್ಥಳೀಯ ಪತ್ರಿಕೆಯಲ್ಲಿ ಬರೆದಿದ್ದರು. ಇಷ್ಟಾದರೂ ಕಂಪನಿ ದೂರಿದ್ದು ಯಾರೋ ಒಬ್ಬ ಕೆಲಸಗಾರನನ್ನು: ಅತೃಪ್ತನೊಬ್ಬ ಬೇಕೆಂದೇ ಆ ರಾಸಾಯನಿಕದ ಟ್ಯಾಂಕಿಗೆ ನೀರು ಬಿಟ್ಟನಂತೆ! ಟ್ಯಾಂಕಿಗೆ ನೀರು ಹೇಗೇ ಹೋಗಿರಲಿ, ಅದನ್ನು ತಡೆದುಕೊಳ್ಳಬೇಕಿದ್ದ ಒಂದೊಂದೂ ಏರ್ಪಾಡನ್ನು ಕೆಡಿಸಿಟ್ಟದ್ದು ಮೇಲಿನವರ ತೀರ್ಮಾನ.

ಮೇಲೆ ಕೂತವನು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ನಿದರ್ಶನವಿದೆ. ಅಮೆರಿಕದ ಅಲ್ಯೂಮಿನಿಯಂ ಕಂಪನಿ ಅಲ್ಕೋವಾದ ಮುಖ್ಯಸ್ಥನಾಗಿ 1987ರಲ್ಲಿ ಬಂದ ಪಾಲ್ ಓನೀಲ್, ಹೂಡಿಕೆದಾರರೆದುರಿನ ಮೊದಲ ಭಾಷಣದಲ್ಲೇ ಲಾಭಕ್ಕಿಂತ ಮೊದಲು ಕಾರ್ಮಿಕರ ಸುರಕ್ಷತೆಯ ಮಾತೆತ್ತಿದ. ಕೇಳಿದವರು ಕಂಗಾಲಾದರು. ಕೆಲವೇ ತಿಂಗಳಲ್ಲಿ ಅರಿಜೋನಾದ ಘಟಕದಲ್ಲಿ ಯುವಕನೊಬ್ಬ ಯಂತ್ರಕ್ಕೆ ಸಿಕ್ಕಿ ಸತ್ತ. ಓನೀಲ್ ಅಧಿಕಾರಿಗಳನ್ನು ಸೇರಿಸಿ, ಅವನನ್ನು ಕೊಂದವರು ನಾವೇ, ಇದು ನನ್ನ ನಾಯಕತ್ವದ ಸೋಲು ಎಂದ. ಸತ್ತವನ ಅಜಾಗರೂಕತೆ ಎಂದು ವರದಿ ಬರೆದು ಮುಗಿಸುವ ದಾರಿ ಅವನಿಗೂ ತೆರೆದಿತ್ತು, ಅವನು ಅದನ್ನು ತುಳಿಯಲಿಲ್ಲ. ಅವನ ಕಾಲದಲ್ಲಿ ಗಾಯಗೊಂಡು ಕೆಲಸ ತಪ್ಪಿಸಿಕೊಳ್ಳಬೇಕಾದವರ ಪ್ರಮಾಣ ವರ್ಷಕ್ಕೆ ನೂರಕ್ಕೆ 1.86ರಿಂದ 0.2ಕ್ಕೆ ಇಳಿಯಿತು. ಲಾಭವೂ ಏರಿತು. ಏರದಿದ್ದರೂ ಅವನು ಮಾಡಿದ್ದು ಸರಿಯೇ.

ಹೊಣೆ ಮೇಲೆ ಕೂತವನದೇ ಎಂಬ ಮಾತನ್ನು ನಮ್ಮಲ್ಲಿ ಕಾನೂನು ಒಪ್ಪಿದ್ದು ಭೋಪಾಲದ ನಂತರ. 1987ರಲ್ಲಿ ಕಾರ್ಖಾನೆಗಳ ಕಾಯ್ದೆ ತಿದ್ದುಪಡಿಯಾಗಿ, ಕಂಪನಿಯ ಕಾರ್ಖಾನೆಗೆ ನಿರ್ದೇಶಕರಲ್ಲೊಬ್ಬನೇ ಹೊಣೆಗಾರ ಎಂದಾಯಿತು. ಆದರೆ ಭೋಪಾಲ ಪ್ರಕರಣದಲ್ಲಿ 2010ರಲ್ಲಿ ಏಳು ಮಂದಿಗೆ ಸಿಕ್ಕಿದ್ದು ಎರಡೇ ವರ್ಷದ ಶಿಕ್ಷೆ, ಅಂದೇ ಜಾಮೀನು. ಕಂಪನಿಯ ಮುಖ್ಯಸ್ಥನಾಗಿದ್ದ ವಾರನ್ ಆ್ಯಂಡರ್ಸನ್ ವಿಚಾರಣೆಯನ್ನೇ ಎದುರಿಸದೆ 2014ರಲ್ಲಿ ತೀರಿಕೊಂಡ.

ಮಾರ್ಚ್ 4ರ ಸುರಕ್ಷತಾ ದಿನ ಬಂದರೆ ಕಾರ್ಮಿಕರನ್ನು ಸಾಲಾಗಿ ನಿಲ್ಲಿಸಿ ಪ್ರತಿಜ್ಞೆ ಹೇಳಿಸುತ್ತಾರೆ. ಮಾಲೀಕರೇ, ನಿರ್ದೇಶಕರೇ, ಮುಂದಿನ ಸಲ ಪ್ರತಿಜ್ಞೆ ನೀವು ಮಾಡಿ. ರಾತ್ರಿ ಪಾಳಿಯಲ್ಲಿ ಒಂದು ಸುತ್ತು ಹಾಕಿ, ದುರಸ್ತಿಗೆ ಕಾದು ಕೂತ ಯಂತ್ರಗಳ ಪಟ್ಟಿ ತರಿಸಿ, ಯಾವ ತಾರೀಖಿಗೆ ಸರಿಮಾಡಿಸುತ್ತೀರಿ ಎಂಬುದನ್ನು ಕಾರ್ಮಿಕರೆದುರೇ ಹೇಳಿ.