‘ನೀವ್ ಹೋಗಿ ಬರ್ರಿ’

ಗುಡ್ಡ ಹತ್ತುವಾಗ ಹಿಂದೆ ಬಿದ್ದವರು ಹೇಳುವ ಮಾತೊಂದಿದೆ: “ನೀವ್ ಹೋಗಿ ಬರ್ರಿ, ನಾ ಇಲ್ಲೇ ಕುಂತಿರ್ತೀನಿ.” ಇದು ಒಪ್ಪಿಗೆಯಂತೆಯೇ ಕೇಳಿಸುತ್ತದೆ. ಮುಂದೆ ಇರುವವರು ಮನಸ್ಸಿನ ಭಾರ ಇಳಿಸಿಕೊಂಡು ಹೊರಡುತ್ತಾರೆ. ನಾನೂ ಹಾಗೆ ಹೊರಟವರಲ್ಲಿ ಒಬ್ಬ. ಅದು ನಿಜಕ್ಕೂ ಒಪ್ಪಿಗೆಯೇ ಎಂಬ ಅನುಮಾನ ಮಾತ್ರ ಕಳೆದ ನವೆಂಬರಿನ ಒಂದು ಭಾನುವಾರದಿಂದ ನನ್ನನ್ನು ಬಿಟ್ಟಿಲ್ಲ.

ಧಾರವಾಡದಲ್ಲಿ ಜೊತೆಯಾಗಿ ಎಂ.ಎ. ಓದಿದ ನಾವು ಆರು ಜನ ಐದಾರು ವರ್ಷಗಳ ನಂತರ ಸೇರಿದ್ದೆವು. ನಾಲ್ವರು ನೌಕರಿಯಲ್ಲಿದ್ದಾರೆ. ನಾನು ಇನ್ನೂ ಪಿಎಚ್.ಡಿ. ಮುಗಿಸುತ್ತಲೇ ಇದ್ದೇನೆ. ಆರನೆಯವಳು ಹುಬ್ಬಳ್ಳಿಯಲ್ಲಿ ಮನೆಯನ್ನೂ ಒಂದು ಸಣ್ಣ ಕಚೇರಿಯ ಕೆಲಸವನ್ನೂ ಒಟ್ಟಿಗೆ ನಿಭಾಯಿಸುತ್ತಾಳೆ. ಒಂದೇ ದಿನದಲ್ಲಿ ಹೋಗಿ ಬರಬೇಕಿದ್ದುದರಿಂದ ಕಪ್ಪತಗುಡ್ಡ ಎಂದಾಯಿತು. ಬೆಳಗಿನ ಜಾವ ಹೊರಟು, ಅಣ್ಣಿಗೇರಿ ದಾಟಿ, ಗದಗಿನಲ್ಲಿ ಚಹಾ ಕುಡಿದು, ಡಂಬಳದ ದಾರಿ ಹಿಡಿದು ಡೋಣಿಗೆ ಬಂದೆವು.

ಕಪ್ಪತಗುಡ್ಡ ಮಲೆನಾಡಿನ ಬೆಟ್ಟಗಳಂತಲ್ಲ. ಆಳೆತ್ತರದ ಹುಲ್ಲು, ಮುಳ್ಳುಕಂಟಿ, ಕಾದ ಕಲ್ಲು, ನಡುನಡುವೆ ಹಳ್ಳಿಯವರು ಹೆಸರು ಹಿಡಿದು ಗುರುತಿಸುವ ಔಷಧಿ ಗಿಡಗಳು, ದೂರದಲ್ಲಿ ತಿರುಗುವ ಗಾಳಿಯಂತ್ರಗಳು. 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವಾದ ಈ ಗುಡ್ಡದ ಮಾನ್ಯತೆಯನ್ನು ಸರ್ಕಾರ 2016ರಲ್ಲಿ ಹಿಂತೆಗೆದುಕೊಂಡಿತ್ತು. ಗಣಿಗಾರಿಕೆ ಶುರುವಾಗುತ್ತದೆಂಬ ಭಯದಿಂದ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಗದಗಿನಲ್ಲಿ ಧರಣಿ ಕೂತರು. 2017ರಲ್ಲಿ ಮಾನ್ಯತೆ ಮರಳಿತು. 2019ರಲ್ಲಿ ಇದು ವನ್ಯಜೀವಿ ಧಾಮವಾಯಿತು. ಇದನ್ನೆಲ್ಲ ಕಾರಿನಲ್ಲಿ ನಾನೇ ಎಲ್ಲರಿಗೂ ವಿವರಿಸುತ್ತಾ ಬಂದಿದ್ದೆ.

ಏರು ಶುರುವಾದ ಅರ್ಧ ಗಂಟೆಗೇ ಅವಳು ಹಿಂದೆ ಬಿದ್ದಳು. ನಾವು ನಿಂತು ಕಾಯುತ್ತಿದ್ದೆವು, ಸುಳ್ಳಲ್ಲ. ಆದರೆ ಕಾಯುವುದರಲ್ಲೂ ಒಂದು ಮೋಸವಿದೆ. ನಾವು ನಿಂತಷ್ಟು ಹೊತ್ತು ನಮಗೆ ದಣಿವಾರುತ್ತಿತ್ತು. ಅವಳು ಏದುಸಿರು ಬಿಡುತ್ತಾ ಬಂದು ಮುಟ್ಟಿದ ಕೂಡಲೇ “ಬಂದ್ಲು, ನಡ್ರಿ” ಎಂದು ಹೊರಟುಬಿಡುತ್ತಿದ್ದೆವು. ಹೆಚ್ಚು ದಣಿದವಳಿಗೆ ಮಾತ್ರ ವಿಶ್ರಾಂತಿಯಿಲ್ಲ. ಹೀಗೆ ನಾಲ್ಕು ಸಲ ಆದ ಮೇಲೆ ಅವಳು ಒಂದು ಮರದ ಕೆಳಗೆ ಕೂತು ಆ ಮಾತು ಹೇಳಿದಳು. “ಖರೇನ ಹೇಳ್ತೀಯೇನು?” ಎಂದು ಒಬ್ಬ ಕೇಳಿದ. “ಹೂಂ, ಖರೇ. ಹೋಗ್ರಿ” ಎಂದಳು. ನಾವು ಹೊರಟೆವು.

ಮೇಲೆ ಹೋಗುತ್ತಾ ಅವಳ ಬಗ್ಗೆಯೇ ಮಾತಾಡಿದೆವು. ಕೂತು ಮಾಡುವ ಕೆಲಸ, ನಡೆಯುವ ರೂಢಿಯಿಲ್ಲ ಎಂದ ಒಬ್ಬ. ಮೊದಲಿಂದಲೂ ಹಟ ಕಡಿಮೆ ಎಂದ ಇನ್ನೊಬ್ಬ. ಮೊದಲೇ ಹೇಳಿದ್ದರೆ ಬೇರೆ ಕಡೆ ಹೋಗಬಹುದಿತ್ತು ಎಂದೆ ನಾನು. ತುದಿ ಮುಟ್ಟಿ, ಫೋಟೊ ತೆಗೆಸಿಕೊಂಡು, ಹಸಿವಾಗಿ ಬುತ್ತಿ ಬಿಚ್ಚಲು ನೋಡಿದರೆ ಬುತ್ತಿ ಇರಲಿಲ್ಲ. ಆರು ಜನರಿಗೆ ಆಗುವಷ್ಟು ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಮೊಸರು, ಎರಡು ದೊಡ್ಡ ನೀರಿನ ಬಾಟಲಿ ಎಲ್ಲವೂ ಅವಳ ಚೀಲದಲ್ಲಿದ್ದವು. ಅವಳು ಹಿಂದೆ ಬಿದ್ದದ್ದಕ್ಕೆ ನಾವು ಕೊಟ್ಟ ಕಾರಣಗಳಲ್ಲಿ ಆ ಚೀಲ ಒಮ್ಮೆಯೂ ಬಂದಿರಲಿಲ್ಲ.

ಇಳಿದು ಬಂದಾಗ ಮರದ ಕೆಳಗೆ ಅವಳಿರಲಿಲ್ಲ. ಫೋನಿಗೆ ನೆಟ್‌ವರ್ಕ್ ಇಲ್ಲ. ಚಿರತೆ, ತೋಳಗಳಿರುವ ಕಾಡಿದು ಎಂದು ಬೆಳಿಗ್ಗೆ ಕಾರಿನಲ್ಲಿ ಜಂಬದಿಂದ ಹೇಳಿದ್ದು ನೆನಪಾಗಿ ನನ್ನ ಬಾಯಿ ಒಣಗಿತು. ಅವಳ ಹೆಸರು ಹಿಡಿದು ಕೂಗುತ್ತಾ ಮುಕ್ಕಾಲು ಗಂಟೆ ಅಲೆದೆವು. ಕೊನೆಗೆ ಅವಳು ಸಿಕ್ಕಿದ್ದು ಊರಿನ ಚಹಾದಂಗಡಿಯಲ್ಲಿ. ದನ ಹೊಡೆದುಕೊಂಡು ಇಳಿಯುತ್ತಿದ್ದ ಅಜ್ಜಿಯೊಬ್ಬಳು “ಒಬ್ಬಾಕಿನ ಯಾಕ ಕುಂತೀಯವ್ವಾ, ಬಾ” ಎಂದು ಕರೆದುಕೊಂಡು ಬಂದಿದ್ದಳಂತೆ. ಅಜ್ಜಿಗೂ ಎರಡು ರೊಟ್ಟಿ ಕೊಟ್ಟು, ನಮ್ಮ ಪಾಲು ಕಟ್ಟಿಟ್ಟಿದ್ದಳು.

ನಾನು ಕ್ಷಮೆ ಕೇಳಿದೆ. ಅವಳು ಸಿಟ್ಟಾಗಲಿಲ್ಲ. “ಕುಂದ್ರೂದು ನನಗೇನ್ ತ್ರಾಸ ಆಗಲಿಲ್ಲ. ನಾ ಹೋಗ್ರಿ ಅಂದ ಕೂಡ್ಲೇ ಹೊಂಟ್ರಿ ನೋಡು, ಅದ ತ್ರಾಸ ಆತು” ಎಂದಳು.

ಆಗ ಇನ್ನೊಂದು ನೆನಪಾಯಿತು. ನಾವಿಬ್ಬರೂ ಒಂದೇ ವರ್ಷ ಪಿಎಚ್.ಡಿ.ಗೆ ನೋಂದಾಯಿಸಿದವರು. ಎರಡನೇ ವರ್ಷ ಅವಳ ಅಪ್ಪನಿಗೆ ಲಕ್ವ ಹೊಡೆಯಿತು. ಓದು ಬಿಡುವಾಗ “ನೀ ಮುಗಸು, ನಂದು ಆಮ್ಯಾಲ ನೋಡೋಣು” ಎಂದಿದ್ದಳು. ನಾನು “ಆತು” ಎಂದಿದ್ದೆ. ಆಗಲೂ ಅವಳ ಹೆಗಲ ಮೇಲೆ ಏನಿದೆ ಎಂದು ನಾನು ನೋಡಿರಲಿಲ್ಲ.

ತಿರುಗಿ ಬರುವಾಗ ಗದಗು ದಾಟಿದೆವು. ವೀರನಾರಾಯಣನ ಸನ್ನಿಧಿಯ ಕುಮಾರವ್ಯಾಸ ಭಾರತವನ್ನು ಹತ್ತು ಪರ್ವಗಳಿಗೆ, ಗದಾಪರ್ವಕ್ಕೆ ನಿಲ್ಲಿಸಿದ. ಹಾಗಾಗಿ ಪಾಂಡವರ ಕೊನೆಯ ಏರು ಅವನ ಕಾವ್ಯದಲ್ಲಿಲ್ಲ. ವ್ಯಾಸಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲಿದೆ. ಮೊದಲು ದ್ರೌಪದಿ ಬೀಳುತ್ತಾಳೆ, ಆಮೇಲೆ ಸಹದೇವ, ನಕುಲ, ಅರ್ಜುನ, ಭೀಮ. ಯಾಕೆ ಬಿದ್ದರು ಎಂದು ಭೀಮ ಕೇಳಿದಾಗಲೆಲ್ಲ ಧರ್ಮರಾಯ ಒಂದೊಂದು ಕಾರಣ ಹೇಳುತ್ತಾನೆ: ಇವಳಿಗೆ ಪಕ್ಷಪಾತ, ಇವನಿಗೆ ಜಾಣತನದ ಗರ್ವ, ಇವನಿಗೆ ರೂಪದ ಗರ್ವ. ಹೇಳಿ, ಹಿಂದೆ ನೋಡದೆ ನಡೆಯುತ್ತಾನೆ. ನಾವು ಹತ್ತುತ್ತಾ ಮಾಡಿದ್ದೂ ಅದನ್ನೇ. ಬಿದ್ದವರ ಬಗ್ಗೆ ಕಾರಣ ಸಿಕ್ಕರೆ ಕಾಲು ನಿಲ್ಲುವುದಿಲ್ಲ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಜೊತೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆ ಎನ್ನುತ್ತಾನೆ ಅವನೇ. ತಮ್ಮಂದಿರು ನರಕದಲ್ಲಿದ್ದಾರೆಂದು ತಿಳಿದಾಗ ತಾನೂ ಅಲ್ಲೇ ಉಳಿಯುತ್ತೇನೆ ಎನ್ನುತ್ತಾನೆ. ಆಗ ಅವನು ಯಾರ ತಪ್ಪಿನ ಲೆಕ್ಕವನ್ನೂ ಹೇಳುವುದಿಲ್ಲ.

ಎಲ್ಲರೂ ಎಲ್ಲರಿಗಾಗಿ ನಿಂತರೆ ಯಾರೂ ತುದಿ ಮುಟ್ಟುವುದಿಲ್ಲ ಎನ್ನಬಹುದು. ಅವಳೇನು ಮಗುವೇ, ಅವಳ ಮಾತನ್ನು ನಂಬುವುದೇ ಅವಳಿಗೆ ಕೊಡುವ ಮರ್ಯಾದೆಯಲ್ಲವೇ ಎಂದೂ ಕೇಳಬಹುದು. ಎರಡೂ ತಳ್ಳಿಹಾಕುವ ಮಾತಲ್ಲ. 2006ರ ಮೇ ತಿಂಗಳಲ್ಲಿ ಎವರೆಸ್ಟಿನ ದಾರಿಯಲ್ಲಿ ಡೇವಿಡ್ ಶಾರ್ಪ್ ಎಂಬ ಬ್ರಿಟಿಷ್ ಆರೋಹಿ ಸಾಯುತ್ತಿದ್ದಾಗ ಹಲವಾರು ಮಂದಿ ಅವನನ್ನು ದಾಟಿ ಹೋದರು. ಎಡ್ಮಂಡ್ ಹಿಲರಿ ಅದನ್ನು ಬಹಿರಂಗವಾಗಿಯೇ ಖಂಡಿಸಿದರು. ಅಲ್ಲಿ ತಪ್ಪು ಎಲ್ಲರಿಗೂ ಕಾಣುತ್ತದೆ. ನಮ್ಮ ಗುಡ್ಡದಲ್ಲಿ ಯಾರೂ ಸಾಯುತ್ತಿರಲಿಲ್ಲ. ಅದಕ್ಕೇ ತಪ್ಪು ಕಾಣಲಿಲ್ಲ.

ನನಗೆ ಈಗ ಅನ್ನಿಸುವುದು ಇಷ್ಟು. “ನೀವೂ ನಿಲ್ರಿ” ಎನ್ನಲು ಅವಳು ಐದು ಜನರ ಭಾನುವಾರ ಕೆಡಿಸಿದವಳು ಎನ್ನಿಸಿಕೊಳ್ಳಬೇಕಿತ್ತು. “ಹೋಗಿ ಬರ್ರಿ” ಎನ್ನಲು ತನ್ನೊಬ್ಬಳ ದಿನ ಕಳೆದುಕೊಂಡರೆ ಸಾಕಿತ್ತು. ಒಂದು ಉತ್ತರ ಇಷ್ಟು ದುಬಾರಿಯಾಗಿರುವಲ್ಲಿ ಇನ್ನೊಂದನ್ನು ಒಪ್ಪಿಗೆ ಎನ್ನುವುದು ಹೇಗೆ? ಅವಳನ್ನು ಮರದ ಕೆಳಗೆ ಬಿಟ್ಟದ್ದಕ್ಕಿಂತ ದೊಡ್ಡ ತಪ್ಪು ಅದಕ್ಕೂ ಮೊದಲೇ ಆಗಿತ್ತು: ನಮ್ಮ ಹೆಜ್ಜೆಯ ವೇಗವನ್ನೇ ಎಲ್ಲರ ವೇಗ ಎಂದುಕೊಂಡೆವು. ನಿಧಾನ ನಡೆಯುವವರನ್ನು ಮುಂದೆ ಬಿಟ್ಟು ಉಳಿದವರು ಅವರ ಹಿಂದೆ ನಡೆಯಬೇಕು ಎಂಬುದು ಬೆಟ್ಟ ಹತ್ತುವವರಿಗೆ ಹಳೆಯ ಪಾಠ. ಹಾಗೆ ನಡೆದಿದ್ದರೆ ಆ ಮಾತು ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ. ತುದಿ ಮುಟ್ಟುತ್ತಿದ್ದೆವೋ ಇಲ್ಲವೋ, ಬುತ್ತಿಯನ್ನಾದರೂ ಕೂಡಿ ಉಣ್ಣುತ್ತಿದ್ದೆವು.

ಮೊನ್ನೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾಣಕ್ಕೆ ಹೋಗುವ ಮಾತು ಬಂತು. “ಈ ಸಲ ಮುಂದ ನೀ ನಡಿ, ಬುತ್ತಿ ನಾ ಹೊರ್ತೀನಿ” ಎಂದು ಅವಳಿಗೆ ಬರೆದೆ. ಸ್ವಲ್ಪ ಹೊತ್ತಾದ ಮೇಲೆ ಉತ್ತರ ಬಂತು: “ನೋಡೋಣು.”

ಈ ಸಲ ನಾನು “ಆತು” ಎಂದು ಸುಮ್ಮನಾಗಲಿಲ್ಲ. ಅಪ್ಪ ಹೇಗಿದ್ದಾರೆ, ಒಂದು ದಿನ ಅವರ ಹತ್ತಿರ ಯಾರನ್ನು ಕೂರಿಸಬಹುದು ಎಂದು ಕೇಳಿದೆ.