ಸಂಶೋಧನೆಗೆ ಹಣ ಕೊಡುವ ಕೈ ಯಾರದು?

ನಗರದ ಯಾವ ಬೀದಿಗಳಲ್ಲಿ ಹೆಚ್ಚು ಜನ ಧೂಮಪಾನ ಮಾಡುತ್ತಾರೆ? ಅವರ ಸಂಪಾದನೆ ಎಷ್ಟು? ಎಲ್ಲಿಯವರೆಗೆ ಓದಿದ್ದಾರೆ? ಇವನ್ನು ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳುವುದೂ ಒಂದು ಸಂಶೋಧನೆ. ಅರಿವು ಹೆಚ್ಚುವುದು ಒಳ್ಳೆಯದೇ ಅಲ್ಲವೇ, ಇದರಲ್ಲಿ ನ್ಯಾಯಾನ್ಯಾಯದ ಮಾತೇಕೆ ಎಂದು ನೀವು ಕೇಳಬಹುದು. ಪ್ರಿಯ ಓದುಗರೇ, ಮಾತಿರುವುದು ಅರಿವಿನ ಬಗ್ಗೆ ಅಲ್ಲ, ಅದಕ್ಕೆ ಹಣ ಕೊಡುವವನ ಬಗ್ಗೆ.

ಒಂದು ನಿದರ್ಶನ ನೋಡಿ. ಅಮೇರಿಕದ ಆರ್.ಜೆ. ರೆನಾಲ್ಡ್ಸ್ ಎಂಬ ಸಿಗರೇಟು ಕಂಪೆನಿಯು 1990ರಲ್ಲಿ ಫಿಲಡೆಲ್ಫಿಯ ನಗರದಲ್ಲಿ 'ಅಪ್‌ಟೌನ್' ಎಂಬ ಹೊಸ ಸಿಗರೇಟನ್ನು ಮಾರಲು ಸಿದ್ಧತೆ ನಡೆಸಿತು. ಅದರ ಗುರಿ ಅಲ್ಲಿನ ಕಪ್ಪು ಜನಾಂಗದವರು. ಅವರಲ್ಲಿ ಅನೇಕರು ಪ್ಯಾಕೆಟ್ಟನ್ನು ಕೆಳಗಿನಿಂದ ಒಡೆಯುತ್ತಾರೆಂಬುದನ್ನು ಸಹ ಕಂಪೆನಿ ಸಮೀಕ್ಷೆಯಿಂದ ತಿಳಿದುಕೊಂಡಿತ್ತು! ಅದೇ ಜನಾಂಗದವರೂ ವೈದ್ಯರೂ ಆಗಿದ್ದ ಅಂದಿನ ಆರೋಗ್ಯ ಸಚಿವ ಲೂಯಿಸ್ ಸುಲಿವನ್ ಇದನ್ನು ಬಹಿರಂಗವಾಗಿ ಖಂಡಿಸಿದರು. ಕಂಪೆನಿ ಆ ಯೋಜನೆಯನ್ನು ಕೈಬಿಟ್ಟಿತು.

ಆಲೋಚಿಸಿ. ಜನರ ಬದುಕನ್ನು ಅಷ್ಟು ಸೂಕ್ಷ್ಮವಾಗಿ ಬಲ್ಲ ವೈದ್ಯನೊಬ್ಬನಿದ್ದರೆ ಎಷ್ಟೋ ಮಂದಿಯನ್ನು ಈ ಚಟದಿಂದ ಬಿಡಿಸಬಹುದಿತ್ತು. ಅರಿವು ಒಂದೇ. ಅದು ಒಬ್ಬನ ಕೈಯಲ್ಲಿ ಔಷಧ, ಇನ್ನೊಬ್ಬನ ಕೈಯಲ್ಲಿ ಬಲೆ.

ಹಾಗಾದರೆ ಕಂಪೆನಿಯೇ ವಿಶ್ವವಿದ್ಯಾಲಯಕ್ಕೆ ಹಣ ಕೊಟ್ಟು, ಪ್ರಾಮಾಣಿಕ ವಿದ್ವಾಂಸನೊಬ್ಬ ಸಂಶೋಧನೆ ಮಾಡಿದರೆ? ಹಣ ಎಲ್ಲಿಂದ ಬಂದರೇನು, ಕೆಲಸ ಒಳ್ಳೆಯದಾದರೆ ಸಾಲದೇ? ಈ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೆ ಚರಿತ್ರೆ ಏನನ್ನುತ್ತದೆ? 1954ರಲ್ಲಿ ಅಮೇರಿಕದ ತಂಬಾಕು ಕಂಪೆನಿಗಳು ನೂರಾರು ಪತ್ರಿಕೆಗಳಲ್ಲಿ ಪ್ರಕಟಣೆ ಹೊರಡಿಸಿ, ಜನರ ಆರೋಗ್ಯವೇ ತಮಗೆ ಮುಖ್ಯವೆಂದು ಸಾರಿ, ಸಂಶೋಧನಾ ಸಮಿತಿಯೊಂದನ್ನು ಸ್ಥಾಪಿಸಿದವು. ಅದರಿಂದ ಹಣ ಪಡೆದವರಲ್ಲಿ ಪ್ರಾಮಾಣಿಕರೂ ಇದ್ದರು. ಆದರೆ ಧೂಮಪಾನ ಮತ್ತು ಕ್ಯಾನ್ಸರಿನ ನಂಟು ಇನ್ನೂ ಖಚಿತವಾಗಿಲ್ಲ ಎಂಬ ಸಂಶಯವನ್ನು ದಶಕಗಳ ಕಾಲ ಜೀವಂತವಾಗಿಡಲು ಕಂಪೆನಿಗಳು ಆ ಸಮಿತಿಯನ್ನೇ ಬಳಸಿಕೊಂಡವು. 2006ರಲ್ಲಿ ಅಲ್ಲಿನ ನ್ಯಾಯಾಲಯ ಕಂಪೆನಿಗಳು ಜನರನ್ನು ವಂಚಿಸಿದವೆಂದು ತೀರ್ಪಿತ್ತಿತು. ವಿದ್ವಾಂಸನು ಸುಳ್ಳು ಬರೆಯಬೇಕಾಗಿಲ್ಲ. ಯಾವ ಪ್ರಶ್ನೆ ಕೇಳಬೇಕು, ಯಾವುದನ್ನು ಕೇಳಬಾರದು ಎಂಬುದನ್ನು ಹಣ ಕೊಟ್ಟವನು ನಿರ್ಧರಿಸಿದರೆ ಸಾಕು.

ಇನ್ನೊಂದು ದಾರಿಯೂ ಇದೆ. 1988ರಲ್ಲಿ ಕ್ಯಾಲಿಫೋರ್ನಿಯ ರಾಜ್ಯದ ಮತದಾರರು ಪ್ರತಿ ಸಿಗರೇಟು ಪ್ಯಾಕೆಟ್ಟಿನ ಮೇಲೆ 25 ಸೆಂಟ್ ಹೆಚ್ಚುವರಿ ತೆರಿಗೆಯನ್ನು ಒಪ್ಪಿ, ಅದರ ಶೇ. 5ನ್ನು ಸಂಶೋಧನೆಗೆ, ಶೇ. 20ನ್ನು ಆರೋಗ್ಯ ಶಿಕ್ಷಣಕ್ಕೆ ಮೀಸಲಿಟ್ಟರು. ಈ ಹಣವೂ ಸೇದುವವನ ಜೇಬಿನದೇ ತಾನೇ? ನಿಜ. ಕಂಪೆನಿಯ ಹಣವೂ ಅದೇ ಜೇಬಿನಿಂದ ಬಂದದ್ದು. ವ್ಯತ್ಯಾಸವೆಂದರೆ, ಒಂದು ಕೈಗೆ ಅವನು ಸೇದುತ್ತಲೇ ಇರಬೇಕು, ಇನ್ನೊಂದು ಕೈಗೆ ಅವನು ಬಿಡಬೇಕು. ಬಡವನಿಂದ ಪಡೆದ ಹಣ ಅಮಾನತ್ತು. ಅದು ಅವನ ಒಳಿತಿಗೇ ಮರಳಬೇಕು.

ಇದು ದೂರದ ಮಾತೆಂದು ಭಾವಿಸಬೇಡಿ. ನಮ್ಮ ಕರಾವಳಿಯಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ಎಷ್ಟಿಲ್ಲ! ಬಡವರೇಕೆ ಸೇದುತ್ತಾರೆ ಎಂದು ಕೇಳುವವರು, ಸೇದುವುದು ನಿಂತರೆ ಈ ತಾಯಂದಿರ ಒಲೆ ಹೇಗೆ ಉರಿಯಬೇಕು ಎಂದೂ ಕೇಳಬೇಕು. ಮಾರುವವನಿಗೆ ಆ ಪ್ರಶ್ನೆಯ ಉತ್ತರ ಬೇಕಿಲ್ಲ, ಅದನ್ನು ಗುರಾಣಿಯಂತೆ ಹಿಡಿಯುವುದಷ್ಟೇ ಅವನಿಗೆ ಬೇಕು. ಅದಕ್ಕೆ ಉತ್ತರ ಹುಡುಕುವ ಖರ್ಚನ್ನು ಸಮಾಜವೇ ಹೊರಬೇಕು. ಕಂಪೆನಿಯ ಹಣ ಬೇಡವೆಂದು ಹೇಳಿ ನಾವು ಕೈಕಟ್ಟಿ ಕುಳಿತರೆ ಆ ನಿರಾಕರಣೆಗೆ ಬೆಲೆಯಿಲ್ಲ.

ಆದುದರಿಂದ ನಾಳೆ ಪ್ರಶ್ನಾವಳಿ ಹಿಡಿದು ಯಾರಾದರೂ ನಿಮ್ಮ ಬಾಗಿಲಿಗೆ ಬಂದರೆ ಗೌರವದಿಂದ ಕುಳ್ಳಿರಿಸಿ. ಉತ್ತರಿಸುವ ಮುನ್ನ ಎರಡು ಮಾತು ಕೇಳಿ: ಇದಕ್ಕೆ ಹಣ ಯಾರದು? ಇದರ ಫಲಿತಾಂಶ ಯಾರ ಕೈ ಸೇರುತ್ತದೆ? ಕಾಲೇಜಿನಲ್ಲಿ ಓದುವ ನಿಮ್ಮ ಮಕ್ಕಳಿಗೂ ಇದನ್ನು ಕಲಿಸಿರಿ. ಮುಂದೆ ಆ ಪ್ರಶ್ನಾವಳಿಯನ್ನು ಸಿದ್ಧಪಡಿಸುವವರು ಅವರೇ ಆಗಬಹುದು.